ಹೊಟ್ಟಿ ತುಂಬಿದ ಕೌದಿ

ನನ್ನ ಕೈಯಾಗಿನ ಕೌದಿ ಅಂದ್ರ ಹಳೇ ಹುಬ್ಬಳ್ಳ್ಯಾಗ ನಾಕು ಓಣಿ ಹೆಂಗಸ್ರು ಹುಡಿಕ್ಕೊಂಡು ಬರ್ತಾರ. ಬರ್ಲಿ, ಬ್ಯಾಡ ಅನ್ನಂಗಿಲ್ಲ. ಹಳೇ ಸೀರಿ ಗಂಟು ತಂದು ಕಟ್ಟಿ ಮ್ಯಾಲೆ ಇಟ್ಟು, ಮುರಿಗೆವ್ವಾರ, ಮೊಮ್ಮಗಳಿಗೆ ಒಂದು ಕೌದಿ ಹೊಲದು ಕೊಡ್ರಿ, ದಪ್ಪಂದು ಇರ್ಲಿ ಅಂತಾರ. ದಪ್ಪಂದು ಅಂದ ಕೂಡ್ಲೆ ನನಗ ಸಿಟ್ಟು ನೆತ್ತಿಗೇರ್ತೈತಿ. ಯಾಕ ಅಂತ ಕೇಳಿದವ್ರಿಗೆಲ್ಲಾ ಇದ್ದದ್ದು ಇದ್ದಂಗ ಹೇಳೇನಿ, ಮುಚ್ಚಿಟ್ಟಿಲ್ಲ. ನಮ್ಮ ಶಿವಿ ಹೊರಗ ಓಣ್ಯಾಗ ಕುಂಟಾಟ ಆಡಾಕತ್ತಾಳಲ್ಲ, ಅಕಿ ದನಿ ಕೇಳಿಸಿದ್ರ ಸಾಕು, ನಾಚಿಗಿ ಬದಿಗಿಟ್ಟು ಎಲ್ಲಾ ಹೇಳಾಕ ಬರ್ತೈತಿ.

ಶಿವಿ ಅಂದ್ರ ಶಿವಬಸವ್ವ, ನನ್ನ ಮಗ ಶಾಂತಯ್ಯನ ಹಿರೇ ಮಗಳು. ನಮ್ಮ ಅತ್ತಿ ಹೆಸರು ಇಟ್ಟಿದ್ವಿ. ಶಾಂತಯ್ಯ ಒಂದು ಹತ್ತಿ ಅಡತಿ ಅಂಗಡ್ಯಾಗ ಗುಮಾಸ್ತ. ಸೊಸಿ ಈರವ್ವ ಅಮ್ಮಿನಬಾವಿಯಾಕಿ, ಅಲ್ಲಿ ಮಹಾಂತಯ್ಯನವರ ಮಗಳು. ಶಿವಿಗೆ ಒಂದೂವರಿ ವರ್ಷ ಆಗಿದ್ದಾಗ ಈರವ್ವಗ ಎರಡನೇ ಹೆರಿಗಿ ಆತು. ಆವತ್ತಿನಿಂದ ಶಿವಿ ನನ್ನ ಮಗ್ಗಲದಾಗ ಮಲಗಿದಾಕಿ. ನನ್ನ ಸೆರಗು ಬೆರಳಿಗೆ ಸುತ್ತಿಗೊಂಡ ಹೊರತು ಅಕಿಗೆ ನಿದ್ದಿ ಇಲ್ಲ, ಅಕಿ ಕಾಲು ನನ್ನ ಹೊಟ್ಟಿ ಮ್ಯಾಲೆ ಬಿದ್ದ ಹೊರತು ನನಗ ನಿದ್ದಿ ಇಲ್ಲ. ಹಿಂಗ ನಡದಿತ್ತು ನಮ್ಮ ಸಂಸಾರ.

ಅಕಿ ಹುಟ್ಟಿದಾಗ ನಾನು ಒಂದು ಕೌದಿ ಹೊಲದಿದ್ದೆ. ನನ್ನ ಐದು ಸೀರಿ, ತೀರಿಕೊಂಡ ನಮ್ಮ ಯಜಮಾನ್ರ ಒಂದು ಧೋತರ, ನಡುವ ಶಾಂತಯ್ಯ ಅಂಗಡಿಯಿಂದ ಚೀಲದಾಗ ತಂದ ಹತ್ತಿ. ಅದು ಗಿರಣ್ಯಾಗ ಕೆಳಗ ಬಿದ್ದು ಉಳದ ಹತ್ತಿ, ಸಿಪ್ಪಿ, ಕಡ್ಡಿ, ಧೂಳಿ ಎಲ್ಲಾ ಅದರಾಗ ಇತ್ತು. ಇರ್ಲಿ ಬಿಡು, ಒಳಗ ಯಾರು ನೋಡ್ತಾರ ಅಂತ ಹಾಸಿ ಹೊಲದುಬಿಟ್ಟೆ.

ಇನ್ನ ನಮ್ಮ ಕಡೆ ಪದ್ಧತಿ ಒಂದು ಹೇಳಬೇಕು. ಕೌದಿ ಹೊಲದು ಮುಗಸೂ ಮುಂದ ಕಡೀ ಮೂಲಿ ಒಂದು ಗೇಣು ಹೊಲೀದ ಬಿಟ್ಟಿರ್ತೇವಿ. ಅದರೊಳಗ ಒಂದು ಚೂರು ಕೊಬ್ಬರಿ, ಬೆಲ್ಲ, ನಾಕು ಜ್ವಾಳದ ಕಾಳು, ಹಬ್ಬ ಇದ್ರ ಹೋಳಿಗಿ ತುಣುಕು ಇಟ್ಟು ಆಮ್ಯಾಲೆ ಬಾಯಿ ಹೊಲಿಯೋದು. ಕೌದಿ ಹೊಟ್ಟಿ ತುಂಬ್ಸೋದು ಅಂತೇವಿ ಅದಕ್ಕ. ಹಸದ ಕೌದಿ ಕೂಸಿಗೆ ಹೊಚ್ಚಬ್ಯಾಡ ಅಂತ ನಮ್ಮ ಅತ್ತಿ ಹೇಳಿಕೊಟ್ಟಿದ್ಲು. ಉಳದವ್ರು ಒಂದು ಚಿಟಿಕಿ ಇಡ್ತಾರ. ನಾನು ಉಳದವ್ರಂಗ ಅಲ್ಲಲ್ಲ, ಮೊದಲನೇ ಮೊಮ್ಮಗಳು ಅಂತ ಬೊಗಸಿ ತುಂಬ ಇಟ್ಟೆ.

ಮೂರನೇ ವರ್ಷಕ್ಕ ಶಿವಿಗೆ ಸೀನು ಶುರುವಾದ್ವು. ಮುಂಜಾನೆ ಎದ್ದ ಕೂಡ್ಲೆ ಹತ್ತು, ಹದಿನೈದು ಸೀನು, ಮೂಗು ತಿಕ್ಕಿ ತಿಕ್ಕಿ ಕೆಂಪಗ ಮಾಡ್ಕೊಳ್ಳಾಕಿ. ಆಮ್ಯಾಲೆ ಒಣಾ ಕೆಮ್ಮು ಬಂತು. ಅದರ ಹಿಂದ ದಮ್ಮು ಬಂತು. ಎದ್ಯಾಗ ಬೆಕ್ಕು ಕುಂತು ಗುರುಗುಟ್ಟಿದಂಗ ಸಪ್ಪಳ. ಉಸಿರು ಎಳದ್ರ ಪಕ್ಕೆಲುಬಿನ ಸಂದ್ಯಾಗ ಚರ್ಮ ಒಳಗ ಹೋಗೋದು. ಎದ್ದು ಕುಂತು, ಎರಡೂ ಕೈ ಮೊಣಕಾಲ ಮ್ಯಾಲೆ ಊರಿಕೊಂಡು, ನನ್ನ ಮಾರಿ ನೋಡಾಕಿ. ಆಯಿ, ಏನರೆ ಮಾಡು ಅಂತ ಕಣ್ಣೀಲೆ ಕೇಳಾಕಿ. ಮಾತಾಡಾಕ ಉಸಿರು ಎಲ್ಲೆ ಇರ್ತಿತ್ತು ಅಕಿಗೆ. ಜೀವ ಬಾಯಿಗೆ ಬರ್ತಿತ್ತು ನಂದು.

ಏನೇನು ಮಾಡಿಲ್ಲ ನಾನು. ದೊಡ್ಡಪತ್ರಿ ಬಾಡಿಸಿ ರಸ ತಗದು ಜೇನಿನ್ಯಾಗ ನೆಕ್ಕಿಸಿದೆ. ಶುಂಠಿ ಕಷಾಯ ಕುಡಿಸಿದೆ. ಬಿಸಿ ಎಣ್ಣಿ ಎದಿಗೆ ತಿಕ್ಕಿದೆ. ಥಂಡಿ ಹೊಡದೈತಿ ಅಂತ ಕಿಡಕಿ ಮುಚ್ಚಿದೆ, ಕೆಂಡದ ಮ್ಯಾಲೆ ಲೋಬಾನ ಹಾಕಿ ಖೋಲಿ ತುಂಬ ಹೊಗಿ ಮಾಡಿದೆ, ಕೂಸಿನ್ನ ಮೂಗಿನ ತನಕ ಕೌದ್ಯಾಗ ಸುತ್ತಿದೆ. ಈರವ್ವ ಒಂದೆರಡು ಸಲ, ಅತ್ತೀ, ಹೊಗಿ ಬಾಳಾತೇನ್ರಿ, ಕಿಡಕಿ ತಗೀಲೇನ್ರಿ ಅಂತ ಮೆಲ್ಲಕ ಕೇಳಿದ್ಲು. ನಾನು ನಾಕು ಹಡದಾಕಿ, ನನಗ ಕಲಸಾಕ ಬರ್ತೀಯೇನ ಅಂತ ಅಕಿ ಬಾಯಿ ಮುಚ್ಚಿಸಿದೆ.

ಅಷ್ಟಕ್ಕ ಬಿಟ್ಟಿದ್ರೂ ಆಗ್ತಿತ್ತು. ಇಷ್ಟೆಲ್ಲಾ ಮಾಡಿದ್ರೂ ಯಾಕ ಬರ್ತೈತಿ ಅಂತ ಕುಂತು ವಿಚಾರ ಮಾಡಿ, ಕೌದಿ ಹೊಟ್ಟಿ ಖಾಲಿ ಆಗಿರಬೇಕು ಅಂತ ನನ್ನ ತಲ್ಯಾಗ ಹೊಕ್ತು. ದಮ್ಮು ಬಂದು ಹೋದ ಮರುದಿನ ಮೂಲಿ ಹೊಲಿಗಿ ಬಿಚ್ಚಿ, ಮತ್ತಷ್ಟು ಕೊಬ್ಬರಿ ಬೆಲ್ಲ ತುರುಕಿ, ಮ್ಯಾಲೆ ಇನ್ನೊಂದು ಸೀರಿ ಪದರ ಕೂಡಿಸಿ ಹೊಲಿತಿದ್ದೆ. ಕೂಸಿಗೆ ಆರು ತುಂಬೋದ್ರೊಳಗ ಆ ಕೌದಿ ಅಕಿ ಕೈಲೇ ಎತ್ತಾಕ ಬರದಂಗ ಆಗಿತ್ತು. ತೊಳದದ್ದು ಒಂದು ಸಲಾನೂ ಇಲ್ಲ. ತೊಳದ್ರ ಒಳಗಿಂದು ಹಸಿ ಆಗಂಗಿಲ್ಲೇನು. ಮಳಿಗಾಲದಾಗ ಅದಕ್ಕೊಂದು ವಾಸನಿ ಬರ್ತಿತ್ತು. ನನಗ ಅದು ಕೂಸಿನ ವಾಸನಿ ಅನಸ್ತಿತ್ತು, ಮೂಸಿ ನೋಡಿ ಸಮಾಧಾನ ಆಗ್ತಿದ್ದೆ. ಈಗ ನೆನಪಾದ್ರ ಹಣಿ ಹಣಿ ಬಡಕೋಬೇಕು ಅನಸ್ತೈತಿ.

ಹೊಸ ಪೈಸಾ ಬಂದು ಎರಡು ವರ್ಷ ಆಗಿತ್ತು, ಆ ವರ್ಷದ ಮಳಿಗಾಲ ನಮಗ ಬಾಳ ಕೆಟ್ಟ ಬಂತು. ಜೇಷ್ಠ ಮಾಸದಾಗ ಮೂರು ಸಲ ದಮ್ಮು ಹತ್ತಿತು. ಮೂರನೇ ಸಲ ಶಿವಿ ತುಟಿ ನೀಲಿಗಟ್ಟಿದ್ದು ನೋಡಿ ಶಾಂತಯ್ಯ ಅಕಿನ್ನ ಹೆಗಲ ಮ್ಯಾಲೆ ಹಾಕ್ಕೊಂಡು ಡಾಕ್ಟರ ಕಡೆ ಓಡಿದ. ಡಾಕ್ಟರು ಸೂಜಿ ಹಾಕಿ ಉಸಿರು ಸಡಿಲ ಮಾಡಿ ಕಳಿಸಿದ್ರು. ಗುಳಗಿ ಕೊಟ್ರು. ಕೂಸಿನ ಎದಿಗೆ ಧೂಳಿ ಆಗಿಬರಂಗಿಲ್ಲ, ಹತ್ತಿ ಊರಾಗ ಇರ್ತೀರಿ, ಅಪ್ಪ ಹತ್ತಿ ಅಂಗಡ್ಯಾಗ ದುಡಿತಾನ, ಕೆಲವು ದಿನ ಬ್ಯಾರೆ ಊರಾಗ ಇಟ್ಟು ನೋಡ್ರಿ ಅಂದ್ರಂತ.

ಶಾಂತಯ್ಯ ಅಂಗಡಿಯಿಂದ ಬಂದ್ರ ತಲಿ, ಹುಬ್ಬು ಎಲ್ಲಾ ಬೆಳ್ಳಗ ಇರ್ತಿದ್ವು, ಖರೇ. ಅಂವ ಅವತ್ತ ಅಮ್ಮಿನಬಾವಿಗೆ ಪತ್ರ ಬರದ. ಬೀಗರು ಮೂರನೇ ದಿನಕ್ಕ ಬಂದ್ರು. ಕೂಸು ನಮ್ಮಲ್ಲಿ ಇರ್ಲಿ, ಅಲ್ಲೇ ಸಾಲಿಗೆ ಹಾಕೋಣು, ದೊಡ್ಡಾಕಿ ಆಗೂತನ ಅಲ್ಲೇ ಬೆಳೀಲಿ ಅಂತ ಮಾವ ಅಳಿಯ ಕುಂತು ನಿರ್ಧಾರ ಮಾಡಿಬಿಟ್ರು. ದೊಡ್ಡಾಕಿ ಆಗೂತನ ಅಂದ್ರ ಆರೇಳು ವರ್ಷ. ಆಮ್ಯಾಲೆ ಮದಿವಿ ಮಾಡಿ ಕೊಟ್ಟುಬಿಡೋದು. ಅಂದ್ರ ಶಿವಿ ಇನ್ನ ನನ್ನ ಮನ್ಯಾಗ ಬೆಳೆಯಾಕಿ ಅಲ್ಲ. ಇಲ್ಲ ಅನ್ನಾಕೂ ಬಾಯಿಲ್ಲ, ನೀಲಿ ತುಟಿ ನಾನೂ ನೋಡಿದ್ದೆ.

ಹೋಗೂ ದಿನ ಅರಿವಿ ಗಂಟಿನ ಮ್ಯಾಲೆ ಕೌದಿ ಇಟ್ಟಿದ್ದೆ. ಮಹಾಂತಯ್ಯನವರು ಅದನ್ನ ಎತ್ತಿ ನೋಡಿ, ಬೀಗತೇರ, ಇದನ್ನ ಹೊರಾಕ ಒಂದು ಆಳು ಬೇಕ್ರಿ, ನಮ್ಮಲ್ಲಿ ಹಾಸಿಗಿ ಅದಾವು ಅಂತ ನಕ್ಕೋತ ಕೆಳಗಿಟ್ರು. ನಾನು ಸಿಟ್ಟೀಲೆ ಒಳಗ ಹೋದೆ. ಶಿವಿ ಅಳಲಿಲ್ಲ, ಟಾಂಗಾ ಹತ್ತಿದ ಖುಷ್ಯಾಗ ಇದ್ಲು. ಅದೂ ನನಗ ಸಿಟ್ಟು. ಎಂಟು ದಿನ ಮಗನ ಕೂಡ ಸರಿಯಾಗಿ ಮಾತಾಡಲಿಲ್ಲ.

ಅಲ್ಲಿ ಅಕಿ ಪಡಸಾಲ್ಯಾಗ ಬರೀ ಹೊರಸಿನ ಮ್ಯಾಲೆ, ಒಂದು ಜಮಖಾನಿ ಹಾಸ್ಕೊಂಡು ಮಲಗ್ತಿದ್ಲಂತ. ಹದಿನೈದು ದಿನಕ್ಕ ಕಾರ್ಡು ಬಂತು: ಕೂಸು ಆರಾಮ ಐತಿ, ಸೀನೂ ಇಲ್ಲ. ತಿಂಗಳಕ್ಕ ಇನ್ನೊಂದು ಕಾರ್ಡು ಬಂತು, ಅದರಾಗೂ ಅದ ಮಾತು. ಶಾಂತಯ್ಯ ಓದಿ ಹೇಳಿದಾಗ ನನ್ನ ಎದಿ ಮ್ಯಾಲಿನ ಕಲ್ಲು ಇಳೀತು, ಅದರ ಬೆನ್ನಿಗೆ ಹೊಟ್ಟಿಕಿಚ್ಚೂ ಆತು. ಎರಡೂ ಖರೇ. ನಾನು ಮೂರು ವರ್ಷ ಒದ್ದಾಡಿದ್ದು ಬೀಗತಿ ಹದಿನೈದು ದಿನದಾಗ ಗೆದ್ದುಬಿಟ್ಲಲ್ಲ ಅಂತ.

ಪಂಚಮಿ ಬಂತು. ಈರವ್ವ ತವರಿಗೆ ಹೊಂಟ್ಲು, ಶಾಂತಯ್ಯನೂ ಹೊಂಟ, ನಾನೂ ಹೊಂಟೆ. ಎಳ್ಳುಂಡಿ, ಶೇಂಗಾ ಉಂಡಿ ಡಬ್ಬಿ ತುಂಬ ಕಟ್ಟಿದೆ. ಯಾರು ನಗಲಿ ಬಿಡಲಿ ಅಂತ ಕೌದೀನೂ ಗಂಟು ಕಟ್ಟಿ ಹೆಗಲಿಗೇರಿಸಿದೆ. ಹಬ್ಬಕ್ಕ ಅದರ ಹೊಟ್ಟಿಗೂ ಒಂದು ಉಂಡಿ ಮುರದು ಹಾಕಿದ್ದೆ. ಧಾರವಾಡತನ ರೈಲು, ಮುಂದ ಬೀಗರು ಕಳಿಸಿದ ಚಕ್ಕಡಿ. ಶಿವಿ ಊರ ಅಗಸಿ ಬಾಗಲತನ ಓಡಿ ಬಂದು ನನ್ನ ಕಾಲಿಗೆ ತೆಕ್ಕಿ ಹಾಕ್ಕೊಂಡ್ಲು. ಓಡಿ ಬಂದಿದ್ಲು, ಆದ್ರ ಎದಿ ಏದುಸಿರು ಬಿಡ್ತಿರಲಿಲ್ಲ. ಅದನ್ನ ನೋಡಿ ಕಣ್ಣಾಗ ನೀರು ಬಂತು. ಜೋಕಾಲಿ ಎಷ್ಟು ಎತ್ತರ ಜೀಕಿದ್ಲು ಅಂದ್ರ ನಾನು ಕೆಳಗ ನಿಂತು ಒದರಬೇಕಾತು.

ಮಲಗೂ ಹೊತ್ತಿಗೆ ಆಯಿ ಕೌದಿ ಬಂತು, ಆಯಿ ಕೌದಿ ಬಂತು ಅಂತ ಕುಣದು ಅದರೊಳಗ ಹೊಕ್ಕೊಂಡ್ಲು. ಮೊದಲನೇ ದಿನ ಮುಂಜಾನೆ ಹನ್ನೆರಡು ಸೀನು. ಎರಡನೇ ದಿನ ಬೆಳಗಾಗೋದ್ರೊಳಗ ಬೆಕ್ಕು ಎದ್ಯಾಗ ಬಂದು ಕುಂತಿತ್ತು. ಮನಿ ಮಂದಿ ಎಲ್ಲಾ ಎದ್ದ್ರು. ಡಾಕ್ಟರು ಕೊಟ್ಟ ಗುಳಗಿ ಹಾಕಿ, ಬೆನ್ನು ತಿಕ್ಕಿ, ಹೊರಗ ಕಟ್ಟಿ ಮ್ಯಾಲೆ ತಂದು ಕುಂಡ್ರಿಸಿದಾಗ ಬಿಸಿಲೇರಿತ್ತು, ಆವಾಗ ಉಸಿರು ಸಡಿಲಾತು.

ನಾನು ಸುಮ್ಮನಿರಬೇಕಿಲ್ಲೋ. ಮಜ್ಜಗಿ ಕುಡಿಸಿರಿ, ಜೋಕಾಲಿ ಮ್ಯಾಲೆ ಗಾಳಿಗೆ ಹತ್ತಿಸಿರಿ, ಅದಕ್ಕ ಹಿಂಗಾತು ಅಂತ ಬೀಗತಿ ಮ್ಯಾಲೆ ಹರಿಹಾಯ್ದೆ. ಬೀಗತಿ ಶೇವಂತೆವ್ವ ಮೆತ್ತನ್ನಾಕಿ, ಆದ್ರ ಅವತ್ತ ಅಕಿಗೂ ತಡೀಲಿಲ್ಲ. "ಎರಡು ತಿಂಗಳು ಮಜ್ಜಗಿ ಕುಡದು ಆರಾಮ ಇದ್ದ ಕೂಸು, ನೀವು ಬಂದ ಮರುದಿನ ಮಲಗೇತಿ" ಅಂದ್ಲು. ಅಷ್ಟ. ಶಾಂತಯ್ಯನೂ ಈರವ್ವನೂ ನೆಲ ನೋಡ್ಕೋತ ನಿಂತಿದ್ರು. ಅವ್ರಿಗೂ ಹಂಗ ಅನಿಸಿತ್ತು ಅಂತ ನನಗ ತಿಳೀತು. ನಾನು ಉಂಡಿ ಡಬ್ಬಿ ಅಲ್ಲೇ ಬಿಟ್ಟು, ಕೌದಿ ಗಂಟು ಎತ್ತಿಕೊಂಡು ಅವತ್ತ ಹುಬ್ಬಳ್ಳಿಗೆ ತಿರಿಗಿ ಬಂದೆ.

ನಾಕು ದಿನಕ್ಕ ಕಾರ್ಡು ಬಂತು, ಕೂಸು ಮತ್ತ ಆರಾಮ ಐತಿ. ಅದನ್ನ ಕೇಳಿದಾಗ ನಕ್ಕೆನೋ ಅತ್ತೆನೋ ನನಗ ನೆನಪಿಲ್ಲ. ನಾನು ಇದ್ದ ಕಡೆ ಕೂಸಿಗೆ ದಮ್ಮು, ನಾನು ಇಲ್ಲದ ಕಡೆ ಆರಾಮ. ನನ್ನ ಸೀರ್ಯಾಗ ಹುಬ್ಬಳ್ಳಿ ಗಾಳಿ ಐತೋ, ನನ್ನ ಉಸಿರಿನಾಗ ಏನರೆ ಐತೋ ಅಂತ ಅನ್ನಾಕತ್ತಿತು ಮನಸು. ಇನ್ನ ಅಮ್ಮಿನಬಾವಿ ಹಾದಿ ತುಳಿಯಂಗಿಲ್ಲ ಅಂತ ನಿರ್ಧಾರ ಮಾಡಿದೆ. ಭಾದ್ರಪದ ಮಾಸ ಪೂರ್ತಿ ಹಂಗ ಕಳೀತು, ಮಗ್ಗಲದಾಗ ಕೌದಿ ಇಟ್ಕೊಂಡು.

ದಸರಾ ಹತ್ರ ಬಂದಾಗ ಪಿಂಜಾರ ಯಾಕೂಬಸಾಬ ಬಂದ. ಹಿಂದಿನ ಓಣಿಯಾಂವ, ವರ್ಷಕ್ಕೊಮ್ಮೆ ಬಂದು ನಮ್ಮ ಗಾದಿ ಬಿಚ್ಚಿ, ಹತ್ತಿ ಬಿಲ್ಲೀಲೆ ಹೊಡದು, ಹೊಸದು ಮಾಡಿ ಕೊಡಾಂವ. ಹಿತ್ತಲದಾಗ ಮೂಗಿಗೆ ಬಾಯಿಗೆ ಅರಿವಿ ಕಟ್ಕೊಂಡು ಕೆಲಸ ನಡಸಿದ್ದ. ಕೂಸು ಎಲ್ಲೆ ಅಂತ ಕೇಳಿದ. ನಾನು ತಡಕೊಳ್ಳದ ಎಲ್ಲಾ ಹೇಳಿದೆ, ಕಡೀಕ ನನ್ನ ಉಸಿರ ಕೂಸಿಗೆ ವಿಷ ಆಗೇತಿ ನೋಡಪಾ ಅಂತ ಸೆರಗೀಲೆ ಕಣ್ಣು ಒರಸ್ಕೊಂಡೆ.

ಅಂವ ಗ್ವಾಡಿ ಮ್ಯಾಲೆ ಬಿಸಿಲಿಗೆ ಹಾಕಿದ್ದ ಕೌದಿ ಕಡೆ ಎದ್ದು ಹೋಗಿ ಕೋಲೀಲೆ ಒಂದ ಏಟು ಹೊಡದ. ಎಳಿ ಬಿಸಿಲಿನ್ಯಾಗ ಧೂಳಿ ಎಷ್ಟು ಎದ್ದಿತು ಅಂದ್ರ ಆಚೀ ಕಡೆಯ ಬಾವಿಕಟ್ಟಿ ಕಾಣಲಿಲ್ಲ. ದಿನಾ ಹತ್ತ್ಯಾಗ ಬಾಳೇ ಮಾಡಾಂವ, ಮೂಗಿಗೆ ಅರಿವಿ ಕಟ್ಟಿದಾಂವ, ಅಂವಗ ನಾಕು ಸೀನು ಬಂದ್ವು. ಇದರಾಗ ಏನು ತುಂಬೀರಿ ಅಂತ ಕೇಳಿದ. ಹೇಳಿದೆ. ಎಷ್ಟು ವರ್ಷ ಆತು ತೊಳದು ಅಂದ. ತೊಳದಿಲ್ಲ ಅಂದೆ.

ಅಂವ ಕಟ್ಟಿ ಮ್ಯಾಲೆ ಕುಂತು ತನ್ನ ಮಗಳ ಸುದ್ದಿ ಹೇಳಿದ. ಅಕಿಗೂ ಸಣ್ಣಾಕಿ ಇದ್ದಾಗ ಹಿಂಗ ದಮ್ಮು ಇತ್ತಂತ. ಪಿಂಜಾರನ ಮನ್ಯಾಗ ಹತ್ತಿ ಬಿಟ್ಟು ಎಲ್ಲೆ ಹೋಗೋದು. ಅಕಿಗೊಂದು ಖೋಲಿ ಬ್ಯಾರೆ ಮಾಡಿ, ಹತ್ತಿ ಆ ಹೊಸ್ತಿಲ ದಾಟದಂಗ ನೋಡಿ, ಬರೀ ಚಾಪಿ ಮ್ಯಾಲೆ ಮಲಗಿಸಿ, ಹೊದಿಕಿ ಎಂಟು ದಿನಕ್ಕೊಮ್ಮೆ ಕುದಿಸಿ ಒಗದು ಬೆಳೆಸಿದ್ರಂತ. ತಾನು ಮೈ ತೊಳಕೊಳ್ಳದ ಅಕಿನ್ನ ಒಮ್ಮೆನೂ ಎತ್ತಿಕೊಂಡಿಲ್ಲ ಅಂದ. ಆಮ್ಯಾಲೆ ಕೌದಿ ಕಡೆ ಕೈ ಮಾಡಿ ಅಂದ:

"ಅವ್ವಾರ, ಹುಬ್ಬಳ್ಳಿ ಗಾಳಿ ಓಣ್ಯಾಗಿನ ಎಲ್ಲಾ ಹುಡುಗ್ರೂ ಕುಡೀತಾರ್ರಿ. ಈ ಕೌದಿ ನಿಮ್ಮ ಶಿವಿ ಒಬ್ಬಾಕಿನ ಹೊದ್ದಾಳ."

ನನ್ನ ಮೈ ಉರದುಹೋತು. ನಮ್ಮ ಯಜಮಾನ್ರ ಧೋತರ ಐತಿ ಅದರಾಗ, ಬಾಯಿಗೆ ಬಂದಂಗ ಮಾತಾಡಬ್ಯಾಡ, ಕೆಲಸ ಮುಗದಿದ್ರ ಬಿಲ್ಲು ಎತ್ತಿಕೊಂಡು ನಡಿ ಅಂದೆ. ಅಂವ ಬೇಜಾರು ಮಾಡ್ಕೊಳ್ಳಲಿಲ್ಲ, ಗಾದಿ ಹೊಲದು ಕೊಟ್ಟು ಸಲಾಮು ಮಾಡಿ ಹೋದ.

ಅಂವ ಹೋದ ಮ್ಯಾಲೆ ಮನಸಿಗೆ ಸಮಾಧಾನ ಇಲ್ಲ. ರೊಟ್ಟಿ ಬಡ್ಯಾಕ ಕುಂತ್ರ ಅದ ಮಾತು, ಪೂಜಿಗೆ ಕುಂತ್ರ ಅದ ಮಾತು. ಅಮ್ಮಿನಬಾವಿಗೆ ನಾನು ಹೋದಾಗ ನನ್ನ ಕೂಡ ಕೌದೀನೂ ಹೋಗಿತ್ತು. ನಾನು ಬಂದಾಗ ಅದೂ ಬಂತು. ಕೂಸಿಗೆ ಆಗದದ್ದು ಒಂದು ನಾನು ಇರಬೇಕು, ಇಲ್ಲಾ ಕೌದಿ ಇರಬೇಕು. ಎರಡರಾಗ ಯಾವುದು ಅಂತ ತಿಳೀಲೇಬೇಕಾಗಿತ್ತು. ನಾನು ಅಂತಾದ್ರ ಮುಗೀತು, ಕೂಸಿನ ಮಾರಿ ದೂರಿಂದ ನೋಡಬೇಕು. ಕೌದಿ ಅಂತಾದ್ರ ಮೂರು ವರ್ಷ ಕೂಸಿನ ಉಸಿರು ಕಟ್ಟಿದಾಕಿ ನಾನು, ಹೌದು. ಆದ್ರ ಕೂಸು ಮನಿಗೆ ಬರ್ತೈತಿ. ಖರೇ ಹೇಳ್ತೇನಿ, ಕೌದೀನ ಆಗಿರ್ಲಪ್ಪಾ ಶಿವನ ಅಂತ ಕೈ ಮುಗದೆ.

ಮರುದಿನ ಮುಂಜಾನೆ ಎಲ್ಲಾರೂ ಹೊರಗ ಹೋದ ಮ್ಯಾಲೆ ಹಿತ್ತಲದಾಗ ಕುಂತು ಕೌದಿ ಬಿಚ್ಚಿದೆ. ಒಂದೊಂದು ಪದರ ಬಿಚ್ಚಿದಂಗ ಧೂಳಿ ನನ್ನ ಮಡಲಾಗ ಉದುರಾಕತ್ತಿತು. ಒಳಗಿನ ಹತ್ತಿ ಕರ್ರಗ ಆಗಿ ಗಂಟುಗಟ್ಟಿತ್ತು. ಮೂಲ್ಯಾಗ ಕೈ ಹಾಕಿದ್ರ ಕೊಬ್ಬರಿ ಹಸರು ಬೂಷ್ಟು ಹಿಡದು ಅಂಟಂಟ ಬಂತು. ಜ್ವಾಳ ಎಲ್ಲಾ ನುಸಿ ತಿಂದು ಹಿಟ್ಟಾಗಿತ್ತು. ಪಂಚಮಿ ಉಂಡ್ಯಾಗ ಹುಳಾ ಹರದಾಡಾಕತ್ತಿದ್ವು. ಆ ಮೂಲಿ ಯಾವಾಗ್ಲೂ ಕೂಸಿನ ಮಾರಿ ಕಡೆ ಬರೂವಂಗ ನಾನ ಹೊಚ್ಚತಿದ್ದೆ, ಹೊಟ್ಟಿ ತುಂಬಿದ ಮೂಲಿ ತಲಿ ಕಡೆ ಇರಬೇಕು ಅಂತ. ನನಗ ಹನ್ನೊಂದು ಸೀನು ಬಂದ್ವು. ಎಣಿಸಿದೆ. ಆಮ್ಯಾಲೆ ಅಲ್ಲೇ ಕುಂತು, ಯಾರೂ ಇಲ್ಲದ ಹೊತ್ತು ನೋಡ್ಕೊಂಡು, ಮನಸಾರೆ ಅತ್ತೆ.

ಅತ್ತು ಮುಗದ ಮ್ಯಾಲೆ ತಲಿ ತೊಳಕೊಂಡು, ಕುದಿಸಿ ಒಗದ ಸೀರಿ ಉಟ್ಟು, ಬರಿಗೈಲೇ ಅಮ್ಮಿನಬಾವಿಗೆ ಹೋದೆ. ಮುಖ ಇರಲಿಲ್ಲ ನನಗ, ಆದ್ರೂ ಹೋದೆ. ಶೇವಂತೆವ್ವ ಬರ್ರಿ ಅಂತ ನೀರು ಕೊಟ್ಲು, ಅಕಿ ಕಣ್ಣಾಗ ಹೆದರಿಕಿ ಇತ್ತು. ಮೂರು ದಿನ ಇರ್ತೇನಿ, ಕೂಸಿನ ಮಗ್ಗಲದಾಗ ಮಲಗ್ತೇನಿ, ಏನರೆ ಸಪ್ಪಳ ಕೇಳಿಸಿದ್ರ ನಾನ ಎದ್ದು ಹೋಗ್ತೇನಿ ಅಂದೆ. ಯಾಕ ಅಂತ ಹೇಳಲಿಲ್ಲ.

ಹೊರಸಿನ ಮ್ಯಾಲೆ ಅದ ಜಮಖಾನಿ, ಶಿವಿದು ಅದ ಕಾಲು ನನ್ನ ಹೊಟ್ಟಿ ಮ್ಯಾಲೆ. ನಾನು ನಿದ್ದಿ ಮಾಡಲಿಲ್ಲ, ಕಿವಿ ಅಕಿ ಎದಿ ಕಡೆ ಇಟ್ಟಿದ್ದೆ. ಮೊದಲನೇ ದಿನ ಬೆಳಗಾತು, ಸೀನು ಇಲ್ಲ. ಎರಡನೇ ದಿನ ಬೆಳಗಾತು, ಏನೂ ಇಲ್ಲ. ಮೂರನೇ ದಿನ ಕೋಳಿ ಕೂಗೂ ಮುಂದ ನನಗ ನಿದ್ದಿ ಹತ್ತಿತು, ಎಚ್ಚರಾದಾಗ ಬಿಸಿಲು ಅಂಗಳಕ್ಕ ಇಳದಿತ್ತು. ಶಿವಿ ನನ್ನ ಸೆರಗು ಹಿಡದು ಜಗ್ಗಾಕತ್ತಿದ್ಲು. ಆಯಿ, ಆಕಳು ಕರ ಹಾಕೇತಿ, ಲಗೂ ಬಾ ಅಂದ್ಲು. ಒಂದ ಉಸಿರಿನ್ಯಾಗ ಅಂದ್ಲು. ನಾನು ಅಕಿನ್ನ ಎತ್ತಿ ಎದಿಗೆ ಒತ್ತಿಕೊಂಡೆ, ಬಿಡಲಿಲ್ಲ. ಕರ ನೋಡಾಕ ಹೋಗೂದು ಬಾಳ ತಡಾತು. ನಾನಲ್ಲ, ನಾನಲ್ಲ ಅಂತ ಒಳಗ ಒಂದ ಸವನ ಅನ್ಕೋತಿದ್ದೆ.

ಅವತ್ತ ಮುಂಜಾನೆ ನ್ಯಾರಿ ಹೊತ್ತಿಗೆ ಎಲ್ಲಾರ ಮುಂದ ಹೇಳಿದೆ. ಕೌದಿ, ಹತ್ತಿ, ಬೂಷ್ಟು, ಹುಳಾ, ಮಜ್ಜಗಿ ಮ್ಯಾಲೆ ಹಾಕಿದ ತಪ್ಪು, ಏನೂ ಬಿಡಲಿಲ್ಲ. ಶೇವಂತೆವ್ವ ಗೆದ್ದೆ ಅಂತ ಮೀಸಿ ತಿರುವ್ಯಾಳು ಅಂತ ತಿಳದಿದ್ದೆ, ಹೆಣ್ಣಿಗೆ ಮೀಸಿ ಎಲ್ಲಿಂದ. ಅಕಿ ಮಾರಿ ಬಿಳಚಿಕೊಂಡಿತ್ತು. ಎದ್ದು ಅಟ್ಟದ ಮ್ಯಾಲಿಂದ ತಾನು ಹೊಲದ ಕೌದಿ ಇಳಿಸಿ, ಕುಡಗೋಲೀಲೆ ಮೂಲಿ ಕೊಯ್ದು ಅಂಗಳದಾಗ ಜಾಡಿಸಿದ್ಲು. ಅದರಾಗೂ ನುಸಿ. ಇದನ್ನ ಮುಂದಿನ ತಿಂಗಳು ಚಳಿ ಬಿದ್ದಾಗ ಶಿವಿಗೆ ಹೊಚ್ಚೂದಿತ್ತರೀ ಅಂದ್ಲು. ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದ್ವಿ, ಆಮ್ಯಾಲೆ ಯಾಕೋ ನಗಿ ಬಂತು. ಮಹಾಂತಯ್ಯನವರು ಈ ಬೀಗತೇರಿಗೆ ಏನಾತು ಅಂತ ಬಾಗಲದಾಗ ಬಂದು ನಿಂತ್ರು.

ಹುಬ್ಬಳ್ಳಿಗೆ ಬಂದು ಮಗನ ಮುಂದ ಕುಂತೆ. ಅಂವ ತಿಳದಾಂವ, ಡಾಕ್ಟರ ಕಡೆ ಹೋಗಿ ಎಲ್ಲಾ ಹೇಳಿ ಬಂದ. ಡಾಕ್ಟರು, ನಿಮ್ಮ ತಾಯಿ ಛಲೋ ಪರೀಕ್ಷಾ ಮಾಡ್ಯಾರ, ಮನಿ ಸ್ವಚ್ಛ ಮಾಡಿ ಕೂಸಿನ್ನ ಕರಕೊಂಡು ಬರ್ರಿ, ಗುಳಗಿ ಮಾತ್ರ ಮನ್ಯಾಗ ಇರ್ಲಿ, ದಮ್ಮು ಇಳೀಲಿಲ್ಲ ಅಂದ್ರ ಕಷಾಯ ಕುಡಿಸ್ಕೋತ ಕುಂಡ್ರಬ್ಯಾಡ್ರಿ ಅಂದ್ರಂತ. ಕಷಾಯದ ಮಾತು ನನಗ ಅಂದದ್ದು ಅಂತ ಗೊತ್ತಾತು. ಅನ್ನಲಿ.

ಆಮ್ಯಾಲೆ ನಾನು ಮನಿ ಸ್ವಚ್ಛ ಮಾಡೂದರ ಬೆನ್ನ ಹತ್ತಿದೆ ನೋಡ್ರಿ. ಶಾಂತಯ್ಯ ಅಂಗಡಿಯಿಂದ ಬಂದ್ರ ಹಿತ್ತಲ ಬಾಗಲಲೇ ಬಂದು, ಬಚ್ಚಲದಾಗ ತಲಿ ಮ್ಯಾಲೆ ನೀರು ಹಾಕ್ಕೊಂಡು, ಅರಿವಿ ಬದಲಿ ಮಾಡಿದ ಮ್ಯಾಲೆ ಒಳಗ ಹೆಜ್ಜಿ ಇಡಬೇಕು. ಒಂದಿನ ಮರತು ಮುಂದಿನ ಬಾಗಲಲೇ ಬಂದಾಂವನ್ನ ತಂಬಿಗಿ ಹಿಡಕೊಂಡು ಅಲ್ಲೇ ನಿಲ್ಲಿಸಿದ್ದೆ, ಓಣಿ ಮಂದಿ ನಕ್ಕಿದ್ರು. ಲೋಬಾನ ಬಂದ್. ಒಣಾ ಕಸಬರಗಿ ಬಂದ್, ಕಸಾ ಹೊಡಿಯೂ ಮುಂದ ನೀರು ಚಿಮುಕಿಸಬೇಕು. ಶಿವಿ ಮಲಗೂ ಖೋಲಿಯಿಂದ ಗಾದಿ, ಹಳೇ ಗಂಟು, ಕಾಳಿನ ಚೀಲ ಎಲ್ಲಾ ಹೊರಗ ಹೋದ್ವು, ಹೊರಸು ಒಂದು ಒಳಗ ಬಂತು. ಈರವ್ವ ಮೂರು ವರ್ಷದಿಂದ ಮುಚ್ಚಿದ್ದ ಕಿಡಕಿ ತಗದ್ಲು, ನನ್ನ ಕಡೆ ನೋಡಿ ಸಣ್ಣಗ ನಕ್ಕಳು. ನಕ್ಕಿರ್ಲಿ, ಅಕಿ ಹೇಳಿದ್ದು ಖರೇ ಇತ್ತು. ಯಾಕೂಬಸಾಬನ ಮನಿಗೂ ಹೋಗಿ ಬಂದೆ. ಅವತ್ತ ನಡಿ ಅಂದದ್ದು ತಪ್ಪಾತಪಾ ಅಂದೆ. ಅಂವ ಯಾವ ಮಾತ್ರೀ ಅವ್ವಾರ ಅಂತ ಏನೂ ನೆನಪಿಲ್ಲದಾಂವನಂಗ ಮಾಡಿದ.

ದೀವಳಿಗಿ ಮುಗದ ಮ್ಯಾಲೆ ಶಿವಿ ಮನಿಗೆ ಬಂದ್ಲು. ಪೂರಾ ಹೋತು ಅಂತ ಸುಳ್ಳು ಹೇಳಂಗಿಲ್ಲ. ಮಾಘ ಮಾಸದಾಗ ಹತ್ತಿ ಗಾಡಿ ಊರಾಗ ಬರಾಕತ್ತಿದ ಮ್ಯಾಲೆ ಎರಡು ಸಲ ಮೂಗು ಸೋರಿ ಎದಿ ಸಣ್ಣಗ ಗುರುಗುಟ್ಟಿತು. ಗುಳಗಿ ಹಾಕಿದ್ವಿ, ಬೆನ್ನು ತಿಕ್ಕಿ ಗ್ವಾಡಿಗೆ ಒರಗಿಸಿ ಕುಂಡ್ರಿಸಿದ್ವಿ, ಮಧ್ಯಾಹ್ನದೊಳಗ ಎದ್ದು ಆಡಾಕ ಹೋದ್ಲು. ತುಟಿ ನೀಲಿ ಆದದ್ದು ಮತ್ತ ನಾನು ನೋಡಿಲ್ಲ. ಮುಂದಿನ ಮಳಿಗಾಲ ಬಂತು, ಹೋತು. ಸಾಲ್ಯಾಗ ಒಂದು ದಿನಾನೂ ಅಕಿ ಹಾಜರಿ ತಪ್ಪಲಿಲ್ಲ ಅಂತ ಮಾಸ್ತರು ಹೇಳಿದ್ರು. ಅವತ್ತ ನಾನು ಓಣಿ ತುಂಬ ಸಕ್ರಿ ಹಂಚಿದೆ.

ಹಳೇ ಕೌದಿ ಸೀರಿಗೋಳನ್ನ ಸೋಡಾ ಹಾಕಿ ಮೂರು ಸಲ ಕುದಿಸಿದ್ದೆ. ಗಟ್ಟಿ ಉಳದ ತುಂಡು ಆರಿಸಿ, ಯಜಮಾನ್ರ ಧೋತರದ್ದು ಒಂದು ತುಂಡು ನಡುವ ಇಟ್ಟು, ಹತ್ತಿ ಗಿತ್ತಿ ಏನೂ ಹಾಕದ, ಎರಡ ಪದರದ ಒಂದು ತೆಳ್ಳನ್ನ ಕೌದಿ ಹೊಲಿಯಾಕ ಕುಂತೆ. ಎಂಟು ದಿನಕ್ಕೊಮ್ಮೆ ಕುದಿಸಿ ಒಗದ್ರೂ ಸಂಜಿಕ ಒಣಗಬೇಕು, ಅಂಥಾದ್ದು. ಶಿವಿ ಎದುರಿಗೆ ಕುಂತು ಸೂಜಿಗೆ ದಾರ ಪೋಣಿಸಿ ಕೊಡ್ತಿದ್ಲು. ಹೊಲಕೋತ ಹೊಲಕೋತ ಕಡೀ ಮೂಲಿಗೆ ಬಂದೆ. ಕೈ ತನ್ನಷ್ಟಕ್ಕ ತಾನ ಒಂದು ಗೇಣು ಬಿಟ್ಟು ನಿಂತಿತು, ನಲವತ್ತು ವರ್ಷದ ರೂಢಿ ಅಲ್ಲೇನು.

ಶಿವಿಗೆ ಎಲ್ಲಾ ಗೊತ್ತು, ಅಕಿ ಒಳಗ ಓಡಿ ಹೋಗಿ ವಾಟಗದಾಗ ಕೊಬ್ಬರಿ ಬೆಲ್ಲ ಹಾಕ್ಕೊಂಡು ಬಂದು ನನ್ನ ಮುಂದ ಇಟ್ಲು.

"ಆಯಿ, ಇದರ ಹೊಟ್ಟಿ ತುಂಬ್ಸಂಗಿಲ್ಲೇನು?"

ನಾನು ಆ ಮೂಲ್ಯಾಗ ಏನೂ ಇಡದ ಹೊಲದೆ. ಹತ್ತಿರ ಹತ್ತಿರ ಹೊಲಿಗಿ ಹಾಕಿ, ಗಂಟು ಬಿಗದು, ದಾರ ಹಲ್ಲೀಲೆ ಕಡದೆ. ಆಮ್ಯಾಲೆ ವಾಟಗ ತಗೊಂಡು, ಬಾಯಿ ತಗಿ ಅಂದು, ಕೊಬ್ಬರಿ ಬ್ಯಾರೆ ಬೆಲ್ಲ ಬ್ಯಾರೆ ಮಾಡದ ಅಷ್ಟೂ ಅಕಿ ಬಾಯಾಗ ಹಾಕಿದೆ. ಗಲ್ಲ ಉಬ್ಬಿಸಿಕೊಂಡು, ಬಾಯಿ ಮುಚ್ಚಿ, ಮೂಗಿನಲೇ ಆರಾಮ ಉಸಿರಾಡ್ಕೋತ ಕುಂತು ಅಗಿದ್ಲು. ನಾನು ನೋಡ್ಕೋತ ಕುಂತೆ.